ಉಬ್ಬಿದ ಬ್ಯಾಟರಿಯೂ ಶುಐಬಾದ ಗೇಟೂ

(ವೈದ್ಯರ ಅಂಕಣ)



ಪ್ರತಿವರ್ಷದಂತೆ ಈ ಸಲವೂ ಸಂಪಾದಕ ಮಂಡಳಿಯವರು ಫೋನ್ ಮಾಡಿ "ಡಾಕ್ಟ್ರೇ, ನಿಮ್ಮ ಅಂಕಣ ಇನ್ನೂ ಕೈಸೇರಿಲ್ಲ" ಎಂದು ನೆನಪಿಸಿದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಇಷ್ಟೊಂದು ಬಿಸಿಲಿರುವ ಕುವೈತಿನಲ್ಲಿ ನಮಗೆಲ್ಲ ವಿಟಮಿನ್ ಡಿ ಕೊರತೆ ಏಕೆ, ಇವೆಲ್ಲ ಈ ಪುಟದಲ್ಲಿ ಆಗಿಹೋಗಿವೆ. ಈ ಬಾರಿ ಕಾಯಿಲೆ ಬೇಡ, ನಿಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಕೆಳಗಿರುವ ಡ್ರಾಯರ್ ಬಗ್ಗೆ ಬರೆಯುತ್ತೇನೆ ಎಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. "ಡ್ರಾಯರ್ರಾ ಸಾರ್?" ಎಂದರು.

ಹೌದು, ಆ ಡ್ರಾಯರ್. ಹಬ್ಬಕ್ಕೆಂದು ಮನೆ ಸ್ವಚ್ಛ ಮಾಡುವಾಗ ಎಲ್ಲರೂ ಅದನ್ನೊಮ್ಮೆ ಎಳೆದು, ಒಳಗೆ ನೋಡಿ, ನಿಟ್ಟುಸಿರು ಬಿಟ್ಟು ಮತ್ತೆ ಮುಚ್ಚುತ್ತೇವೆ. ಗಾಜು ಒಡೆದ ಎರಡು ಸ್ಮಾರ್ಟ್ ಫೋನು, ಮೊದಲ ಸಂಬಳದಲ್ಲಿ ಕೊಂಡ ನೋಕಿಯಾ, ಚಾರ್ಜ್ ನಿಲ್ಲದ ಪವರ್ ಬ್ಯಾಂಕು, ಮಗನ ರಿಮೋಟ್ ಕಾರಿನ ಬ್ಯಾಟರಿ, ಯಾವ ಕ್ಯಾಮೆರಾದ್ದೋ ನೆನಪಿಲ್ಲದ ಇನ್ನೊಂದು ಬ್ಯಾಟರಿ. ಎಸೆಯಲು ಮನಸ್ಸಿಲ್ಲ. "ಇರಲಿ ಬಿಡಿ, ಎಂದಾದರೂ ಬೇಕಾದೀತು." ಖಾಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ತುಂಬಿಟ್ಟ ಅಮ್ಮಂದಿರ ಮಕ್ಕಳು ನಾವು. ವಸ್ತುವನ್ನು ಎಸೆಯದಿರುವುದು ನಮಗೆ ಸಂಸ್ಕಾರ. ಆದರೆ ಹಾರ್ಲಿಕ್ಸ್ ಬಾಟಲಿ ತಾನಾಗಿ ಬೆಂಕಿ ಹತ್ತಿಸಿಕೊಳ್ಳುವುದಿಲ್ಲ.

ಇನ್ನು ಶುಐಬಾಕ್ಕೆ ಬರೋಣ. ನಮ್ಮ ಕೂಟದ ಅನೇಕ ಸದಸ್ಯರು ದುಡಿಯುವುದು ಅಲ್ಲಿ. 1968ರಲ್ಲಿ ಶುರುವಾದ ಅಲ್ಲಿನ ಹಳೆಯ ರಿಫೈನರಿ 2017ರಲ್ಲಿ ಮುಚ್ಚಿತು. ಆದರೂ ಪೆಟ್ರೋಕೆಮಿಕಲ್ ಕಾರ್ಖಾನೆಗಳು, ಬಂದರು, ವಿದ್ಯುತ್ ಸ್ಥಾವರ, ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ, ಪಕ್ಕದಲ್ಲೇ ಮೀನಾ ಅಬ್ದುಲ್ಲಾ ರಿಫೈನರಿ ಎಲ್ಲ ಇವೆ. ಫಹಾಹೀಲ್, ಮಂಗಾಫ್, ಅಬು ಹಲೀಫಾ, ಮಹಬೂಲಾಗಳಿಂದ ನಸುಕಿನಲ್ಲೇ ಕಂಪನಿ ಬಸ್ಸುಗಳು ಆ ಕಡೆ ಹೊರಡುತ್ತವೆ. ಎಣ್ಣೆ, ಅನಿಲ ಇರುವ ಜಾಗಕ್ಕೆ ಹೋಗುವವರು ಗೇಟಿನಲ್ಲಿ ಮೊದಲು ಮಾಡುವ ಕೆಲಸ ಮೊಬೈಲ್ ಫೋನ್ ಒಪ್ಪಿಸುವುದು. ಒಳಗೆ ಒಂದು ಸಣ್ಣ ವೆಲ್ಡಿಂಗ್ ಮಾಡಬೇಕೆಂದರೂ ಹಾಟ್ ವರ್ಕ್ ಪರ್ಮಿಟ್ ಬೇಕು, ಗ್ಯಾಸ್ ಪರೀಕ್ಷೆ ಆಗಬೇಕು, ಬೆಂಕಿ ಕಾಯಲು ಒಬ್ಬ ನಿಂತಿರಬೇಕು. ಎಣ್ಣೆ ಟ್ಯಾಂಕಿನ ಸುತ್ತ ಕಟ್ಟೆ ಇರಬೇಕು. ಟ್ಯಾಂಕಿಗೂ ಟ್ಯಾಂಕಿಗೂ ನಡುವೆ ಇಷ್ಟೇ ಅಂತರ ಎಂಬ ಲೆಕ್ಕವಿದೆ. ಯಾವ ಟ್ಯಾಂಕಿನಲ್ಲಿ ಏನು, ಎಷ್ಟು ಇದೆ ಎಂಬುದು ಅಗ್ನಿಶಾಮಕ ದಳಕ್ಕೆ ಮೊದಲೇ ಗೊತ್ತು.

ಅದೇ ಮನುಷ್ಯ ಸಂಜೆ ರೂಮಿಗೆ ಬರುತ್ತಾನೆ. ಒಂದು ಕೋಣೆಯಲ್ಲಿ ಆರು ಮಂದಿ, ಆರು ಫೋನು, ಮೂರೋ ನಾಲ್ಕೋ ಪವರ್ ಬ್ಯಾಂಕು, ಎಲ್ಲಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು. ಫೋನು ದಿಂಬಿನ ಕೆಳಗೆ. ಗೇಟಿನಲ್ಲಿ ಅಪಾಯವೆನಿಸಿದ ವಸ್ತು ಹಾಸಿಗೆಯಲ್ಲಿ ಏನೂ ಅಲ್ಲ! ಗೇಟಿನಲ್ಲಿ ಫೋನ್ ಹೊರಗಿಡಿಸುವುದು ಅದರ ಕಿಡಿ ಹೊರಗಿನ ಅನಿಲಕ್ಕೆ ತಗಲೀತೆಂದು. ಫೋನಿನ ಒಳಗೇ ಉರಿಯುವ ಸರಕು ಇದೆಯೆಂಬುದು ಬೇರೆ ಮಾತು, ಅದನ್ನೇ ಇವತ್ತು ಹೇಳಹೊರಟಿದ್ದೇನೆ.

ಲಿಥಿಯಂ-ಅಯಾನ್ ಬ್ಯಾಟರಿಗೂ ಎಣ್ಣೆಗೂ ದೂರದ ನೆಂಟಸ್ತಿಕೆ ಉಂಟು. ಈ ಬ್ಯಾಟರಿಗಾಗಿ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ 1970ರ ದಶಕದಲ್ಲಿ ತಮ್ಮ ಮೊದಲ ಪ್ರಯೋಗಗಳನ್ನು ಮಾಡಿದ್ದು ಎಕ್ಸಾನ್ ಎಂಬ ತೈಲ ಕಂಪನಿಯಲ್ಲಿ. ಉಳಿದಿಬ್ಬರು ಜಾನ್ ಗುಡ್‌ಇನಫ್ ಮತ್ತು ಅಕಿರಾ ಯೋಶಿನೊ. ಸೋನಿ ಕಂಪನಿ 1991ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬ್ಯಾಟರಿಯ ಒಳಗೆ ಎರಡು ತೆಳು ಹಾಳೆಗಳು, ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ, ಎಲ್ಲವನ್ನೂ ನೆನೆಸಿಟ್ಟಿರುವ ಒಂದು ದ್ರಾವಣ. ಆ ಪರದೆ ಸಾಮಾನ್ಯವಾಗಿ ಪಾಲಿಎಥಿಲೀನ್ ಅಥವಾ ಅದರ ಸೋದರ ಪ್ಲಾಸ್ಟಿಕ್ಕು. ದ್ರಾವಣದಲ್ಲಿರುವುದು ಎಥಿಲೀನ್ ಕುಲದ ದ್ರಾವಕ. ಎರಡೂ ಶುಐಬಾದವರಿಗೆ ಪರಿಚಿತ ಹೆಸರುಗಳೇ. ಅಂದರೆ ಇದು ಬೇಗ ಹೊತ್ತಿಕೊಳ್ಳುವ ಪೆಟ್ರೋಕೆಮಿಕಲ್ ಸರಕು. ವಿದ್ಯುತ್ತನ್ನೂ ಉರುವಲನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಬಿಗಿದಂತೆ.

ಪರದೆ ಹರಿದರೆ, ಜಜ್ಜಿದರೆ, ಅತಿಯಾಗಿ ಚಾರ್ಜ್ ಆದರೆ, ಅಥವಾ ಬಿಸಿ ಒಂದು ಮಟ್ಟ ದಾಟಿದರೆ ಒಳಗೆ ಶಾರ್ಟ್ ಆಗಿ ಶಾಖ ಹುಟ್ಟುತ್ತದೆ. ಆ ಶಾಖ ಇನ್ನಷ್ಟು ರಾಸಾಯನಿಕ ಕ್ರಿಯೆಗೆ ಕಾರಣ, ಆ ಕ್ರಿಯೆ ಇನ್ನಷ್ಟು ಶಾಖಕ್ಕೆ ಕಾರಣ. ಇಂಜಿನಿಯರುಗಳು ಇದನ್ನು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಹಳ್ಳಿಯಲ್ಲಿ ಹುಲ್ಲಿನ ಬಣವೆ ಒಳಗಿಂದೊಳಗೆ ಕಾದು ಹೊತ್ತಿಕೊಳ್ಳುವುದನ್ನು ಕಂಡವರಿಗೆ ಅರ್ಥವಾದೀತು, ಆದರೆ ಇಲ್ಲಿ ದಿನಗಳ ಮಾತಿಲ್ಲ, ಸೆಕೆಂಡುಗಳ ಮಾತು. ಬಣವೆಗೆ ಗಾಳಿ ಬೇಕು. ಇಲ್ಲಿ ಗಾಳಿ ತಡೆದರೂ ಒಳಗಿನ ಕ್ರಿಯೆ ನಿಲ್ಲುವುದಿಲ್ಲ. ಆದ್ದರಿಂದಲೇ ಗೋಡೆಗೆ ನೇತುಹಾಕಿದ ಸಣ್ಣ ಎಕ್ಸ್‌ಟಿಂಗ್ವಿಷರ್ ಜ್ವಾಲೆ ಅಡಗಿಸಿದರೂ ಬ್ಯಾಟರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದನ್ನು ತಣಿಸಲು ಬೇಕಾದ್ದು ನೀರು, ಬಹಳ ನೀರು.

ನಾವಿರುವ ಊರಿನ ಬಿಸಿಲನ್ನೂ ಇದಕ್ಕೆ ಸೇರಿಸಿಕೊಳ್ಳಿ. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆಯೂ ಅದನ್ನು ಒಪ್ಪಿಕೊಂಡಿದೆ. ಅದು ನೆರಳಿನ ಲೆಕ್ಕ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು, ತಗಡಿನ ಶೆಡ್ಡು, ಕಬ್ಬಿಣದ ಕಂಟೇನರು ಇವುಗಳ ಒಳಗೆ ಎಷ್ಟಿರುತ್ತದೆಂದು ಊಹಿಸಿಕೊಳ್ಳಿ. ಹೊಸ ಬ್ಯಾಟರಿ ಒಂದಷ್ಟು ತಡೆದುಕೊಂಡೀತು. ಐದಾರು ವರ್ಷ ದುಡಿದು, ಒಳಗೆ ಅನಿಲ ತುಂಬಿ ಉಬ್ಬಿದ ಮುದಿ ಬ್ಯಾಟರಿಗೆ ಆ ತ್ರಾಣವಿಲ್ಲ. ನಮ್ಮ ವೃತ್ತಿಯ ಮಾತಲ್ಲಿ ಹೇಳುವುದಾದರೆ ವಯಸ್ಸೂ ಒಂದು ರಿಸ್ಕ್ ಫ್ಯಾಕ್ಟರ್!

ಕೆಲವು ಬೇಸಿಗೆಗಳ ಹಿಂದೆ ಕಲಬುರಗಿ ಕಡೆಯ ಹುಡುಗನೊಬ್ಬ ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ. ಹೆಬ್ಬೆರಳು, ತೋರುಬೆರಳು ಸುಟ್ಟಿದ್ದವು.

"ಏನಾಯ್ತು ತಮ್ಮಾ?" ಎಂದೆ.

"ಮೊಬೈಲಿನ ಬ್ಯಾಟರಿ ಉಬ್ಬಿತ್ತರಿ ಸಾಹೇಬ್ರ. ಸೂಜಿ ಚುಚ್ಚಿದ್ರ ಗಾಳಿ ಹೋಗಿ ಸರಿ ಆಗ್ತದಂತ ರೂಮಿನ್ಯಾಗ ಒಬ್ಬಂವ ಹೇಳಿದ್ದ. ಚುಚ್ಚಿದೆ. ಸುಂಯ್ ಅಂತು, ಆಮ್ಯಾಲ ಬೆಂಕೀನ ಬಂತು ನೋಡ್ರಿ."

ಗಾಯ ಚಿಕ್ಕದು. ಆದರೆ ನೋಡಲು ಕಾಣುವುದಕ್ಕಿಂತ ನೋವು ಹೆಚ್ಚು. ಈ ಲಕ್ಷಣ ಕಂಡಾಗ ವೈದ್ಯನಿಗೆ ಬೆಂಕಿಯ ಸುಡುವಿಕೆಯ ಜೊತೆಗೆ ಇನ್ನೊಂದು ಅನುಮಾನ ಬರಬೇಕು, ಹೈಡ್ರೋಫ್ಲೋರಿಕ್ ಆಮ್ಲದ್ದು. ಬ್ಯಾಟರಿಯ ದ್ರಾವಣದಲ್ಲಿರುವ ಫ್ಲೋರಿನ್‌ಯುಕ್ತ ಲಿಥಿಯಂ ಲವಣ ಬಿಸಿಗೂ ತೇವಕ್ಕೂ ಸಿಕ್ಕಾಗ ಹೈಡ್ರೋಜನ್ ಫ್ಲೋರೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಚರ್ಮದ ಮೇಲೆ ನಿಲ್ಲುವ ಆಮ್ಲವಲ್ಲ. ಆಳಕ್ಕಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ. ರಕ್ತದ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತದ ಲಯವೇ ತಪ್ಪಬಹುದು. ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಅದೂ ಕೆಲವು ಗಂಟೆ ತಡವಾಗಿ. ಹೊಗೆ ಕುಡಿದವನು "ನಾನು ಚೆನ್ನಾಗಿದ್ದೀನಿ" ಎಂದು ರೂಮಿಗೆ ಹೋಗಿ ಮಲಗಿಬಿಡುವುದು ಅದಕ್ಕೇ ಅಪಾಯ. ಧಾರಾಳ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚುವುದು ಚಿಕಿತ್ಸೆ. ಹುಡುಗ ಗುಣವಾದ. ಸೂಜಿ ಸಲಹೆ ಕೊಟ್ಟ ಮಹಾಶಯನನ್ನು ಮುಂದಿನ ಸಲ ಜೊತೆಗೆ ಕರೆತಾ ಎಂದಿದ್ದೆ, ಅವನು ಬರಲಿಲ್ಲ.

ಎಷ್ಟು ಅನಿಲ ಎಂದು ಕೇಳುವವರಿಗೆ ಒಂದು ಲೆಕ್ಕ. ಸ್ವೀಡನ್ನಿನ ಸಂಶೋಧಕರು ಬ್ಯಾಟರಿಗಳನ್ನು ಸುಟ್ಟು ಅಳೆದು 2017ರಲ್ಲಿ ಪ್ರಕಟಿಸಿದ ಪ್ರಕಾರ ಪ್ರತಿ ವ್ಯಾಟ್-ಗಂಟೆ ಸಾಮರ್ಥ್ಯಕ್ಕೆ 20ರಿಂದ 200 ಮಿಲಿಗ್ರಾಂ ಹೈಡ್ರೋಜನ್ ಫ್ಲೋರೈಡ್ ಬರಬಹುದು. ನಿಮ್ಮ ಫೋನಿನ ಬ್ಯಾಟರಿ ಸುಮಾರು 15 ವ್ಯಾಟ್-ಗಂಟೆ. ಬೆಂಗಳೂರಿನಲ್ಲಿ ಓಡಾಡುವ ಎಲೆಕ್ಟ್ರಿಕ್ ಸ್ಕೂಟರಿನದು ಸುಮಾರು 3,000. ಅಂದರೆ ಸ್ಕೂಟರ್ ಒಂದರಿಂದ ಕಡಿಮೆಯೆಂದರೂ 60 ಗ್ರಾಂ. ಹನ್ನೆರಡು ಚದರ ಮೀಟರಿನ ಒಂದು ಕೋಣೆಯ ಗಾಳಿ ಪ್ರಾಣಕ್ಕೆ ಅಪಾಯವೆನಿಸುವ ಮಟ್ಟ ಮುಟ್ಟಲು ಒಂದು ಗ್ರಾಂಗಿಂತ ಕಡಿಮೆ ಸಾಕು. ನಿಜವಾದ ಬೆಂಕಿಯಲ್ಲಿ ಒಂದಷ್ಟು ಗೋಡೆಗೆ ಹತ್ತುತ್ತದೆ, ಒಂದಷ್ಟು ಕಿಟಕಿಯಲ್ಲಿ ಹೋಗುತ್ತದೆ ಎಂದಿಟ್ಟುಕೊಂಡರೂ ಅಂತರ ನೋಡಿ. 2022ರ ಮಾರ್ಚಿನಲ್ಲಿ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಎಲೆಕ್ಟ್ರಿಕ್ ಸ್ಕೂಟರಿಗೆ ಬೆಂಕಿ ಬಿದ್ದು ತಂದೆ, ಮಗಳು ಇಬ್ಬರೂ ತೀರಿಕೊಂಡರು. ಅವರನ್ನು ಕೊಂದದ್ದು ಹೊಗೆ.

(ಅಂದಹಾಗೆ, ಇದೇ ಲಿಥಿಯಂ ನಮ್ಮ ಔಷಧಿ ಪಟ್ಟಿಯಲ್ಲೂ ಇದೆ. ಮನಸ್ಸು ಅತಿ ಉತ್ಸಾಹಕ್ಕೂ ಅತಿ ಖಿನ್ನತೆಗೂ ತೂಗಾಡುವ ಕಾಯಿಲೆಗೆ ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಲಿಥಿಯಂ ಲವಣದ ಉಪಯೋಗ ತೋರಿಸಿದರು. ಬ್ಯಾಟರಿ ಉದ್ಯಮ ಟನ್ನುಗಟ್ಟಲೆ ಕೊಳ್ಳುವ ಲಿಥಿಯಂ ಕಾರ್ಬೊನೇಟನ್ನು ನಾವು ಮಿಲಿಗ್ರಾಂ ಲೆಕ್ಕದಲ್ಲಿ ಬರೆದುಕೊಡುತ್ತೇವೆ. ಅದಕ್ಕೂ ರಕ್ತಪರೀಕ್ಷೆ ಮಾಡಿ ಪ್ರಮಾಣ ನೋಡುತ್ತಲೇ ಇರಬೇಕು.)

ಒಂದು ಬ್ಯಾಟರಿಯ ಕಥೆ ಇದು. ಸಾವಿರಾರು ಒಂದೆಡೆ ಸೇರಿದರೆ? ನನ್ನ ದೃಷ್ಟಿಯಲ್ಲಿ ಹಳೆಯ ಬ್ಯಾಟರಿಯ ನಿಜವಾದ ಸಮಸ್ಯೆ ಮರುಬಳಕೆ ಅಲ್ಲ, ಮರುಬಳಕೆಗೆ ಮುಂಚಿನ ಗೋದಾಮು. ಅಮೆರಿಕದ ಇಲಿನಾಯ್ ರಾಜ್ಯದ ಮಾರಿಸ್ ಎಂಬ ಊರಿನಲ್ಲಿ 2021ರ ಜೂನ್ ಕೊನೆಯಲ್ಲಿ ಮುಚ್ಚಿಹೋಗಿದ್ದ ಹಳೆಯ ಕಾಗದದ ಕಾರ್ಖಾನೆಗೆ ಬೆಂಕಿ ಬಿತ್ತು. ಒಳಗೆ ಸುಮಾರು 80-90 ಟನ್ ಲಿಥಿಯಂ ಬ್ಯಾಟರಿ ಇತ್ತು, ಫೋನಿನದ್ದರಿಂದ ಹಿಡಿದು ಕಾರಿನದ್ದರವರೆಗೆ. ಆ ಕಟ್ಟಡದಲ್ಲಿ ಬ್ಯಾಟರಿ ಇದೆಯೆಂಬುದೇ ಊರಿನ ಅಗ್ನಿಶಾಮಕ ದಳಕ್ಕೆ ಗೊತ್ತಿರಲಿಲ್ಲ! ಸಾವಿರಾರು ಜನ ಮನೆ ಬಿಟ್ಟು ಹೋಗಬೇಕಾಯಿತು. ಕೊನೆಗೆ ಲಾರಿಗಳಲ್ಲಿ 28 ಟನ್ ಸಿಮೆಂಟ್ ತರಿಸಿ ಸುರಿದು ಮುಚ್ಚಿದರು. ಮನೆ ಕಟ್ಟಲು ತರುವ ಅದೇ ಪೋರ್ಟ್‌ಲ್ಯಾಂಡ್ ಸಿಮೆಂಟು.

ಇನ್ನೊಂದು ನಮ್ಮಂಥವರ ಎದೆಗೆ ಹತ್ತಿರದ್ದು. 2024ರ ಜೂನ್ 24ರಂದು ದಕ್ಷಿಣ ಕೊರಿಯಾದ ಹ್ವಾಸೊಂಗ್ ಎಂಬಲ್ಲಿ ಲಿಥಿಯಂ ಬ್ಯಾಟರಿ ಕಾರ್ಖಾನೆಯೊಂದರಲ್ಲಿ, ಸುಮಾರು 35,000 ಬ್ಯಾಟರಿಗಳಿದ್ದ ಅಂತಸ್ತಿನಲ್ಲಿ ಬೆಂಕಿ ಎದ್ದಿತು. ಅವು ಒಮ್ಮೆ ಬಳಸಿ ಬಿಡುವ ಬೇರೆ ಬಗೆಯವು. ಆದರೆ ಬೆಂಕಿಯ ಸ್ವಭಾವ ಇದರಂತೆಯೇ. ಕೆಲಸಗಾರರು ಎಕ್ಸ್‌ಟಿಂಗ್ವಿಷರ್ ಹಿಡಿದು ನುಗ್ಗಿದರು. ಒಂದು ನಿಮಿಷದೊಳಗೆ ಕೋಣೆ ಹೊಗೆಯಿಂದ ತುಂಬಿತು. ಸತ್ತವರು 23 ಮಂದಿ. ಅವರಲ್ಲಿ 18 ಮಂದಿ ಹೊರದೇಶದಿಂದ ದುಡಿಯಲು ಬಂದವರು, ಬಹುತೇಕ ಚೀನಾದವರು. ಅದಕ್ಕೆ ಕೇವಲ ಹನ್ನೆರಡು ದಿನ ಮುಂಚೆ, ಜೂನ್ 12ರ ನಸುಕಿನಲ್ಲಿ, ನಮ್ಮ ಮಂಗಾಫಿನ ಆ ಕಟ್ಟಡದಲ್ಲಿ ಸುಮಾರು ಐವತ್ತು ಜನ ಹೋದರು. ಅವರಲ್ಲಿ 45 ಮಂದಿ ಭಾರತೀಯರು, ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ಅಲ್ಲಿ ಕಾರಣ ಬ್ಯಾಟರಿಯಲ್ಲ, ನೆಲಮಹಡಿಯ ಕಾವಲುಗಾರನ ಕೋಣೆಯ ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಎಂದು ಅಧಿಕಾರಿಗಳು ತಿಳಿಸಿದರು. ನಾನು ಎರಡನ್ನೂ ಒಟ್ಟಿಗೆ ನೆನೆಯುವುದು ಒಂದೇ ಕಾರಣಕ್ಕೆ. ಮೇಲೆ ಜನ ಮಲಗಿರುವ ಕಟ್ಟಡದ ಕೆಳಗೆ ಏನು ಇಡಬಹುದು, ಏನು ಇಡಬಾರದು ಎಂಬುದು ಸಣ್ಣ ಪ್ರಶ್ನೆ ಅಲ್ಲ. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಹೋಟೆಲಿನ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಷೋರೂಮಿಗೆ ಬೆಂಕಿ ಬಿದ್ದಾಗ ಸತ್ತ ಎಂಟು ಜನ ಹೋಟೆಲಿನ ಕೋಣೆಗಳಲ್ಲಿ ಇಳಿದುಕೊಂಡಿದ್ದವರು. ಬೆಂಗಳೂರಿನ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ 2024ರ ನವೆಂಬರ್ 19ರಂದು ಇಂಥದೇ ಷೋರೂಮಿನಲ್ಲಿ ಕೆಲಸಕ್ಕಿದ್ದ ಇಪ್ಪತ್ತರ ಹುಡುಗಿ ಹೊರಗೆ ಬರಲಾಗದೆ ಸತ್ತಳು.

ಕುವೈತಿನ ಸ್ವಂತ ಪಾಠವೂ ಒಂದಿದೆ, ಟೈರಿನದು. ಜಹ್ರಾ ಕಡೆಯ ಮರಳಿನಲ್ಲಿ ದಶಕಗಳ ಕಾಲ ಹಳೆಯ ಟೈರುಗಳನ್ನು ಸುರಿಯುತ್ತಾ ಬಂದರು. ಬಾಹ್ಯಾಕಾಶದಿಂದ ತೆಗೆದ ಚಿತ್ರದಲ್ಲೂ ಕಾಣುವಷ್ಟು ದೊಡ್ಡ ಟೈರಿನ ಮಸಣ ಅದು. 2012ರಲ್ಲಿ ಅಲ್ಲಿ ಬೆಂಕಿ ಬಿದ್ದು ಲಕ್ಷಾಂತರ ಟೈರು ಉರಿದು, ಕರಿಹೊಗೆ ಊರಿನ ಮೇಲೆ ಹಾಸಿತು. ಆಮೇಲೂ ಬಿತ್ತು. ಕೊನೆಗೆ 2021ರಲ್ಲಿ 4.2 ಕೋಟಿಗೂ ಮೀರಿದ ಟೈರುಗಳನ್ನು ಸೌದಿ ಗಡಿಯ ಬಳಿಯ ಸಾಲ್ಮಿಗೆ ಸಾಗಿಸಿ, ಮರುಬಳಕೆ ಶುರುಮಾಡಿ, ಹಳೆಯ ಜಾಗವನ್ನು ಮನೆಗಳಿಗೆಂದು ತೆರವು ಮಾಡಿದರು. ದೊಡ್ಡ ಕೆಲಸವೇ, ಶಹಬ್ಬಾಸ್ ಎನ್ನಬೇಕು. ಆದರೆ ಟೈರಿನ ಗುಡ್ಡ ಬೆಳೆಯುವಾಗ "ಎಲ್ಲಿಡಬೇಕು, ಎಷ್ಟಿಡಬೇಕು, ಎಷ್ಟು ದಿನ ಇಡಬಹುದು" ಎಂದು ಯಾರಾದರೂ ಗೆರೆ ಎಳೆದಿದ್ದರೆ ಸಾಗಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಟೈರು ಹತ್ತಿಕೊಳ್ಳಲು ಹೊರಗಿನ ಕಿಡಿ ಬೇಕು. ಬ್ಯಾಟರಿಗೆ ಅದೂ ಬೇಡ.

ಕಾನೂನುಗಳು ಏನಿವೆ ಎಂದು ನೋಡಿದರೆ, ನಮ್ಮ ದೇಶ ತಕ್ಕಮಟ್ಟಿಗೆ ಎಚ್ಚೆತ್ತಿದೆ. 2001ರ ಹಳೆಯ ನಿಯಮಗಳು ಸೀಸದ ಬ್ಯಾಟರಿಗೆ ಮಾತ್ರ ಇದ್ದವು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡಿವೆ. ತಯಾರಿಸಿದವನು, ಆಮದು ಮಾಡಿದವನು ತಾನು ಮಾರಿದ ಬ್ಯಾಟರಿ ಮುದಿಯಾದ ಮೇಲೂ ಅದಕ್ಕೆ ಹೊಣೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ನೆಲದಲ್ಲಿ ಹೂಳುವುದೂ ಸುಡುವುದೂ ನಿಷೇಧ. ಮೊಬೈಲ್, ವಿದ್ಯುತ್ ವಾಹನಗಳ ಬ್ಯಾಟರಿಯಿಂದ 2024-25ರಲ್ಲಿ ಶೇಕಡ 70ರಷ್ಟು, 2026-27ರಿಂದ ಶೇಕಡ 90ರಷ್ಟು ಪದಾರ್ಥವನ್ನು ವಾಪಸ್ ತೆಗೆಯಬೇಕು. 2027-28ರಿಂದ ಹೊಸ ಬ್ಯಾಟರಿಯಲ್ಲಿ ಶೇಕಡ 5ರಷ್ಟು ಮರುಬಳಕೆಯ ಸರಕು ಇರಬೇಕು, 2030-31ಕ್ಕೆ ಅದು ಶೇಕಡ 20. ಯುರೋಪಿನವರ 2023ರ ಕಾನೂನು ಇನ್ನೂ ಬಿಗಿ. 2027ರ ಫೆಬ್ರವರಿಯಿಂದ ಫೋನಿನಂಥ ಸಾಧನಗಳ ಬ್ಯಾಟರಿಯನ್ನು ಗ್ರಾಹಕನೇ ಬಿಚ್ಚಿ ಬದಲಿಸುವಂತಿರಬೇಕು ಎಂಬುದು ಅದರಲ್ಲಿ ನನಗೆ ಹಿಡಿಸಿದ ಮಾತು (ಕೆಲವು ವಿನಾಯಿತಿಗಳಿವೆ, ಇರಲಿ). ಹಳೆಯ ನೋಕಿಯಾದಲ್ಲಿ ಉಗುರಿನಿಂದ ಎಬ್ಬಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. 2007ರಲ್ಲಿ ಬಿಎಲ್-5ಸಿ ಎಂಬ 4.6 ಕೋಟಿ ಬ್ಯಾಟರಿಗಳು ಬಿಸಿಯಾಗಬಹುದೆಂದು ಕಂಪನಿಯೇ ಎಚ್ಚರಿಸಿದಾಗ ಜನ ತಾವೇ ಹಿಂಬದಿ ತೆಗೆದು ನಂಬರ್ ನೋಡಿದ್ದು ನಿಮಗೆ ನೆನಪಿರಬಹುದು. ಇಂದು ಅಂಟು ಹಾಕಿ ಮುಚ್ಚಿದ ಫೋನಿನಲ್ಲಿ ಅದು ಸಾಧ್ಯವೇ?

ಕುವೈತಿನಲ್ಲಿ 2014ರ 42ನೇ ಪರಿಸರ ಸಂರಕ್ಷಣಾ ಕಾನೂನಿದೆ, ನೋಡಿಕೊಳ್ಳಲು ಪರಿಸರ ಸಾರ್ವಜನಿಕ ಪ್ರಾಧಿಕಾರವಿದೆ. ಅಪಾಯಕಾರಿ ತ್ಯಾಜ್ಯವನ್ನು ಪರವಾನಗಿ ಇಲ್ಲದೆ ಮುಟ್ಟುವಂತಿಲ್ಲ. ಭಾರತ, ಕುವೈತ್ ಎರಡೂ ಬಾಸೆಲ್ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು. ಆದ್ದರಿಂದ ಇಂಥ ತ್ಯಾಜ್ಯವನ್ನು ಶುಐಬಾ ಬಂದರಿನಿಂದ ಕಂಟೇನರಿಗೆ ತುಂಬಿ "ಹೋಗಿ ಬಾ ಮಗನೇ" ಎಂದು ಕಳಿಸುವಂತಿಲ್ಲ. ತರಿಸಿಕೊಳ್ಳುವ ದೇಶದ ಲಿಖಿತ ಒಪ್ಪಿಗೆ ಬೇಕು. 2025ರ ಜನವರಿಯಿಂದ ಎಲ್ಲ ಬಗೆಯ ಎಲೆಕ್ಟ್ರಾನಿಕ್ ಕಸಕ್ಕೂ ಈ ಒಪ್ಪಿಗೆ ಕಡ್ಡಾಯ. ಚೌಕಟ್ಟು ಇದೆ. ಅದರೊಳಗೆ ಹಳೆಯ ಬ್ಯಾಟರಿಯ ಸಂಗ್ರಹಕ್ಕೆ ರಿಫೈನರಿಯಷ್ಟೇ ಖಚಿತವಾದ ಅಳತೆ ಬರಬೇಕು ಎನ್ನುವುದು ನನ್ನ ಅಭಿಪ್ರಾಯ. ಭಾರತದ ನಿಯಮಗಳ ಬಗ್ಗೆಯೂ ನನಗೆ ಅನಿಸುವುದು ಇದೇ. ಎಷ್ಟು ಟನ್ ವಾಪಸ್ ಬಂತು ಎಂಬ ಲೆಕ್ಕಕ್ಕೆ ಇರುವ ಒತ್ತು, ಆ ಟನ್ನುಗಳು ನಡುವೆ ಯಾರ ಶೆಡ್ಡಿನಲ್ಲಿ, ಯಾರ ಮನೆಯ ಪಕ್ಕ ಕೂತಿವೆ ಎಂಬುದಕ್ಕೆ ಇಲ್ಲ.

ಶುಐಬಾದ ಇಂಜಿನಿಯರ್ ಮಿತ್ರರಿಗೆ ಇದನ್ನೆಲ್ಲ ಹೊಸದಾಗಿ ಕಲಿಸಬೇಕಾಗಿಲ್ಲ. ಟ್ಯಾಂಕಿಗೆ ಹಾಕುವ ನಿಯಮವನ್ನೇ ಬ್ಯಾಟರಿಗೂ ಹಾಕಿದರಾಯಿತು. ಜನ ವಾಸಿಸುವ ಕಟ್ಟಡದಿಂದ ದೂರ, ನೆರಳು, ತಂಪು. ಒಂದೆಡೆ ಇಷ್ಟು ಕಿಲೋಗಿಂತ ಹೆಚ್ಚಿಲ್ಲ, ಇಷ್ಟು ದಿನಕ್ಕಿಂತ ಹೆಚ್ಚಿಲ್ಲ. ಉಬ್ಬಿದ್ದು, ಜಜ್ಜಿದ್ದು ಬೇರೆ ಡ್ರಮ್ಮಿನಲ್ಲಿ, ಒಣ ಮರಳು ತುಂಬಿ (ಮರಳಿಗೆ ಕುವೈತಿನಲ್ಲಿ ಬರವೇ!). ತುದಿಗಳಿಗೆಲ್ಲ ಟೇಪು. ಚಾರ್ಜ್ ಆದಷ್ಟು ಕಡಿಮೆ. ವಿಮಾನದಲ್ಲಿ ಸರಕಾಗಿ ಕಳಿಸುವ ಲಿಥಿಯಂ-ಅಯಾನ್ ಬ್ಯಾಟರಿಗಳಿಗೆ 2016ರಿಂದಲೇ ಶೇಕಡ 30ರ ಮಿತಿ ಇದೆ. ನಕ್ಷೆಯ ಒಂದು ಪ್ರತಿ ಅಗ್ನಿಶಾಮಕ ದಳದ ಕೈಯಲ್ಲಿರಬೇಕು. ಬೆಂಕಿಗೆ ಸುರಿದ ನೀರು ಹರಿದು ಹೋಗದಂತೆ ಸುತ್ತ ಕಟ್ಟೆ ಇರಬೇಕು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಫ್ಲೋರೈಡು, ನಿಕ್ಕಲ್, ಕೋಬಾಲ್ಟ್ ಬೆರೆತ ಆ ನೀರು ಶುಐಬಾದಲ್ಲಿ ಹರಿದು ಸೇರುವುದು ಸಮುದ್ರಕ್ಕೆ. ನಾವು ಕುಡಿಯುವ ನೀರು ಬರುವುದೂ ಅದೇ ಸಮುದ್ರದಿಂದ. ಮರುಬಳಕೆ ಘಟಕ ಎಲ್ಲಿ ಬಂದರೂ ವಸತಿಗೆ ಅಂಟಿಕೊಂಡು ಬರಬಾರದು. ಶುಐಬಾದ ಸುತ್ತಲ ಕಾರ್ಖಾನೆಗಳ ಹೊಗೆಯ ಬಗ್ಗೆ ಉಮ್ಮ್ ಅಲ್-ಹೈಮಾನ್ ನಿವಾಸಿಗಳು ವರ್ಷಗಟ್ಟಲೆ ದೂರಿದ್ದು ನಮಗೆಲ್ಲ ಗೊತ್ತೇ ಇದೆ.

ಇನ್ನು ದುಡ್ಡಿನ ಮಾತು. ಊರಿನಲ್ಲಿ ಹಳೆಯ ಇನ್ವರ್ಟರ್ ಬ್ಯಾಟರಿ ಕೊಟ್ಟರೆ ಅಂಗಡಿಯವನು ಹೊಸದರ ಬೆಲೆಯಲ್ಲಿ ಕಡಿಮೆ ಮಾಡುತ್ತಾನೆ. ಸೀಸಕ್ಕೆ ಬೆಲೆ ಇರುವುದರಿಂದ ಅದು ತಾನಾಗಿ ವಾಪಸ್ ಹೋಗುತ್ತದೆ. (ಅದನ್ನು ಹಿತ್ತಿಲಲ್ಲಿ ಕರಗಿಸುವವರ ಮಕ್ಕಳ ರಕ್ತದಲ್ಲಿ ಸೀಸ ಸೇರುವುದು ಬೇರೆ ದುಃಖದ ಕಥೆ.) ಲಿಥಿಯಂ ಬ್ಯಾಟರಿಯಲ್ಲಿ ಬೆಲೆಬಾಳುವುದು ಕೋಬಾಲ್ಟ್ ಮತ್ತು ನಿಕ್ಕಲ್. ಈಚೆಗೆ ಹೆಚ್ಚುತ್ತಿರುವ ಕಬ್ಬಿಣ-ಫಾಸ್ಫೇಟ್ ಬಗೆಯಲ್ಲಿ ಅವೆರಡೂ ಇಲ್ಲ. ಹಾಗಾಗಿ ಗುಜರಿಯವನಿಗೂ ಬೇಡ. ಇದಕ್ಕೆ ನನಗೆ ತೋಚುವ ಔಷಧ ಹಳೆಯದು, ಸೋಡಾ ಬಾಟಲಿಯ ಠೇವಣಿ. ಬಾಟಲಿ ಮರಳಿಸಿದರೆ ನಾಲ್ಕಾಣೆ ವಾಪಸ್ ಎಂದರೆ ನಾವು ಹುಡುಗರು ಇಡೀ ಬೀದಿ ಹುಡುಕಿ ತರುತ್ತಿದ್ದೆವು. ನಮ್ಮ ಚಾಮರಾಜನಗರದ ಗಡಿಯಾಚೆ ನೀಲಗಿರಿಯಲ್ಲಿ ಮದ್ಯದ ಬಾಟಲಿಗೆ 2022ರಿಂದ ಹತ್ತು ರೂಪಾಯಿ ಠೇವಣಿ ಇಟ್ಟ ಮೇಲೆ ಕಾಡಿನಲ್ಲಿ ಗಾಜು ಬೀಳುವುದು ಕಡಿಮೆಯಾಯಿತಂತೆ. ಕುಡುಕರಿಂದ ಆಗುವುದು ಮೊಬೈಲಿನವರಿಂದ ಆಗದೇ?

ಮಂಡ್ಯದವರಿಗೂ ಒಂದು ಮಾತು. ಶ್ರೀರಂಗಪಟ್ಟಣ ತಾಲ್ಲೂಕಿನ ಮಾರಲಗಲ್ಲ-ಅಲ್ಲಾಪಟ್ಣ ಪ್ರದೇಶದಲ್ಲಿ ಲಿಥಿಯಂ ಸಿಕ್ಕಿತೆಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಪ್ರಾಥಮಿಕ ಅಂದಾಜು 1,600 ಟನ್ ಎಂದು 2021ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಒಂದು ಎಲೆಕ್ಟ್ರಿಕ್ ಕಾರಿಗೆ ಎಂಟು ಕಿಲೋ ಲಿಥಿಯಂ ಎಂದು ಹಿಡಿದರೆ, ಪೂರ್ತಿ ತೆಗೆದರೂ ಎರಡು ಲಕ್ಷ ಕಾರಿಗೆ ಮುಗಿಯಿತು. ಡ್ರಾಯರಿನಲ್ಲಿರುವ ಫೋನು ಒಂದರಲ್ಲಿ ಇರುವುದು ಸುಮಾರು ಒಂದು ಗ್ರಾಂ. ಕಡಿಮೆಯೇ, ಆದರೆ ಆಗಲೇ ಭೂಮಿಯಿಂದ ಅಗೆದು ತೆಗೆದಾಗಿದೆಯಲ್ಲ! ಅಧಿಕೃತವಾಗಿ ಎಲೆಕ್ಟ್ರಾನಿಕ್ ಕಸ ಬಿಡಿಸುವ ಕೆಲಸದಲ್ಲಿ ದೇಶಕ್ಕೆ ದಾರಿ ತೋರಿಸಿದ ಮೊದಲಿಗರಲ್ಲಿ ಬೆಂಗಳೂರಿನ ಬಳಿಯ ದಾಬಸ್‌ಪೇಟೆಯ ಇ-ಪರಿಸರ ಸಂಸ್ಥೆಯೂ ಒಂದು ಎಂಬುದು ನಮಗೆ ಹೆಮ್ಮೆ.

ಹಾಗಾದರೆ ರಜೆಗೆ ಹೋಗುವಾಗ ಹಳೆಯದನ್ನೆಲ್ಲ ಸೂಟ್‌ಕೇಸಿನಲ್ಲಿ ತುಂಬಿ ಊರಿಗೆ ಒಯ್ಯಲೇ ಎಂದು ಕೇಳುವವರಿದ್ದಾರೆ. ದಯವಿಟ್ಟು ಬೇಡ. ಬಿಡಿ ಬ್ಯಾಟರಿ, ಪವರ್ ಬ್ಯಾಂಕುಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಉಬ್ಬಿದ್ದು, ಹಾಳಾದದ್ದು ಕೈಚೀಲದಲ್ಲೂ ನಿಷಿದ್ಧ. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಬಿತ್ತು. ಕಾಕ್‌ಪಿಟ್ಟಿನಲ್ಲಿ ಹೊಗೆ ತುಂಬಿ ಪೈಲಟ್‌ಗಳಿಗೆ ಎದುರಿನ ಮೀಟರುಗಳೇ ಕಾಣದಾದವು. ಹಿಂದಿರುಗುವ ಯತ್ನದಲ್ಲಿ ವಿಮಾನ ಬಿದ್ದು ಇಬ್ಬರೂ ತೀರಿಕೊಂಡರು. ಪವರ್ ಬ್ಯಾಂಕನ್ನು ಸೀಟಿನ ಮೇಲಿನ ಗೂಡಿನಲ್ಲಿ ಇಡದೆ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ.

ಪುಟ್ಟ ಮಕ್ಕಳಿರುವ ಮನೆಗೆ ಒಂದು ಉಪಕಥೆ. ಆಟಿಕೆ, ರಿಮೋಟುಗಳ ನಾಣ್ಯದಂಥ ಲಿಥಿಯಂ ಬ್ಯಾಟರಿ ಅಯಾನ್ ಬಗೆಯದಲ್ಲ. ಆದರೆ ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ರಂಧ್ರ ಮಾಡಬಲ್ಲದು. ಹಳೆಯದಾಗಿ ರಿಮೋಟ್ ನಡೆಸಲಾಗದ ಬ್ಯಾಟರಿಗೂ ಆ ಶಕ್ತಿ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ, ತಕ್ಷಣ ಆಸ್ಪತ್ರೆಗೆ. ಒಂದು ವರ್ಷ ದಾಟಿದ ಮಗುವಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು. ಜೇನು ಹುಡುಕುತ್ತಾ ತಡಮಾಡಬೇಡಿ. ವರ್ಷದೊಳಗಿನ ಮಗುವಿಗೆ ಜೇನು ಬೇಡವೇ ಬೇಡ.

ಕೂಟದ ಯುವಕರು ಈ ಸಲದ ಹಬ್ಬದ ದಿನ ಸಭಾಂಗಣದ ಬಾಗಿಲಲ್ಲಿ ಪೆಟ್ಟಿಗೆಯಿಟ್ಟು ಹಳೆಯ ಫೋನು, ಬ್ಯಾಟರಿ ಸಂಗ್ರಹಿಸೋಣ ಎಂದು ಉತ್ಸಾಹದಿಂದ ಬಂದಿದ್ದರು. ಅವರ ಮನಸ್ಸು ದೊಡ್ಡದು. ಆದರೂ ನಾನು ಒಪ್ಪಲಿಲ್ಲ. ಮುನ್ನೂರು ಮನೆಗಳ ಡ್ರಾಯರನ್ನು ಒಂದೇ ರಟ್ಟಿನ ಪೆಟ್ಟಿಗೆಗೆ ಸುರಿದು, ಒಂದರ ಮೇಲೊಂದು ಬಿದ್ದು, ಪಕ್ಕದ ಹಾಲಿನಲ್ಲಿ ಮಕ್ಕಳು ಕೋಲಾಟ ಆಡುತ್ತಿರುವಾಗ? ಸಂಜೆ ಆ ಪೆಟ್ಟಿಗೆ ಯಾರ ಕಾರಿನ ಡಿಕ್ಕಿಯಲ್ಲಿ, ಯಾರ ಮನೆಯ ಬಾಲ್ಕನಿಗೆ? ಅದೂ ಪರವಾನಗಿ ಇಲ್ಲದ ಗೋದಾಮೇ ಆಯಿತಲ್ಲ. ಚರ್ಚೆ ಸ್ವಲ್ಪ ಬಿಸಿಯಾಯಿತು (ಥರ್ಮಲ್ ರನ್‌ಅವೇ ಆಗಲಿಲ್ಲ), ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಈ ಸಲ ಬ್ಯಾಟರಿ ತರಬೇಡಿ, ಲೆಕ್ಕ ಮಾತ್ರ ತನ್ನಿ. ಮನೆಯಲ್ಲಿ ಎಷ್ಟು ಫೋನು, ಎಷ್ಟು ಪವರ್ ಬ್ಯಾಂಕು, ಎಷ್ಟು ಲ್ಯಾಪ್‌ಟಾಪು, ಅವುಗಳಲ್ಲಿ ಉಬ್ಬಿದ್ದು ಎಷ್ಟು. ಆ ಪಟ್ಟಿ ಹಿಡಿದು ಪರವಾನಗಿ ಇರುವ ಕಂಪನಿಯೊಂದನ್ನು ಕೇಳುವುದು, ಅವರದೇ ಡ್ರಮ್ಮು, ಅವರದೇ ಗಾಡಿ, ಅವರದೇ ಜನ ಒಂದು ದಿನ ಬಂದು ಒಯ್ಯುವಂತೆ. ಅಲ್ಲಿಯವರೆಗೆ ಉಬ್ಬಿದ್ದನ್ನು ಚಾರ್ಜಿಗೆ ಹಾಕದೆ, ಒತ್ತದೆ, ಚುಚ್ಚದೆ, ಒಣ ಮರಳು ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಳ ಬಿಗಿಯದೆ, ಮಲಗುವ ಕೋಣೆಯಿಂದಲೂ ಬಾಗಿಲಿನ ದಾರಿಯಿಂದಲೂ ದೂರ, ನೆರಳಿನಲ್ಲಿ ಇಡಿ.

ಲೆಕ್ಕದ ಫಾರಂಗಳು ಹಬ್ಬದ ದಿನ ಊಟದ ಕೂಪನ್ ಕೊಡುವ ಮೇಜಿನಲ್ಲೇ ಸಿಗುತ್ತವೆ. ಆ ಜಾಗವನ್ನು ಆರಿಸಿದ್ದು ಯುವಕರು. ಅಲ್ಲಿಗೆ ಬಾರದ ಕನ್ನಡಿಗ ಇಲ್ಲವಂತೆ.